ಮೆದುಳೇ ಅರೆಯುವ ಮದ್ದು

ಮಕ್ಕಳೇ, ಖೋ-ಖೋ ಆಡುವಾಗ ಬಿದ್ದು ಮೊಣಕಾಲು ತರಚಿದರೂ ಎಷ್ಟೋ ಸಲ ಆಟ ಮುಗಿಯುವವರೆಗೆ ಗೊತ್ತೇ ಆಗುವುದಿಲ್ಲ, ಅಲ್ಲವೇ? ರಕ್ತ ಕಣ್ಣಿಗೆ ಬಿದ್ದ ಮೇಲೆಯೇ ಉರಿ ಶುರು. ಅಷ್ಟು ಹೊತ್ತು ನೋವು ಎಲ್ಲಿತ್ತು?

ಗಾಯವಾದ ಕೂಡಲೇ ಚರ್ಮದ ನರಗಳು ಸುದ್ದಿ ಕಳಿಸುತ್ತವೆ. ಅದು ಬೆನ್ನುಹುರಿ ಸೇರಿ, ಅಲ್ಲಿಂದ ಮೆದುಳಿಗೆ ಏರಬೇಕು. ಒಂದು ನರಕೋಶಕ್ಕೂ ಇನ್ನೊಂದಕ್ಕೂ ನಡುವೆ ಕೂದಲೆಳೆಗಿಂತ ಎಷ್ಟೋ ಕಿರಿದಾದ ಸಂದು ಇರುತ್ತದೆ. ಸುದ್ದಿಯನ್ನು ಆ ಸಂದು ದಾಟಿಸುವುದು ರಾಸಾಯನಿಕಗಳ ಕೆಲಸ. ಮನಸ್ಸು ಆಟದಲ್ಲಿ ಮುಳುಗಿದ್ದಾಗ ಮೆದುಳು ಬೆನ್ನುಹುರಿಗೆ ತಾನೂ ಒಂದು ಸುದ್ದಿ ಕಳಿಸಬಲ್ಲದು. ಆಗ ಅಲ್ಲಿ ಎನ್ಕೆಫಾಲಿನ್ ಎಂಬ ರಾಸಾಯನಿಕ ಒಸರಿ, ನೋವಿನ ಸುದ್ದಿಯನ್ನು ತಡೆಯುತ್ತದೆ.

ಇದು ಪತ್ತೆಯಾದ ಬಗೆ ನನಗೆ ತುಂಬಾ ಇಷ್ಟ. ಪಾಯಸಕ್ಕೆ ಹಾಕುವ ಗಸಗಸೆ ಇದೆಯಲ್ಲ, ಅದೇ ಗಿಡದ ಹಸಿ ಕಾಯಿಯ ಹಾಲಿನಿಂದ ಮಾರ್ಫೀನ್ ಎಂಬ ನೋವಿನ ಔಷಧಿ ತೆಗೆಯುತ್ತಾರೆ. ಬೀಗಕ್ಕೆ ಕೀಲಿಕೈ ಹೊಂದುವಂತೆ ಮಾರ್ಫೀನ್ ಹೋಗಿ ಕೂರುವ ಜಾಗಗಳು ಮೆದುಳಿನಲ್ಲಿವೆ ಎಂದು 1973ರಲ್ಲಿ ಅಮೆರಿಕದ ಕ್ಯಾಂಡೇಸ್ ಪರ್ಟ್ ಮತ್ತು ಸಾಲೊಮನ್ ಸ್ನೈಡರ್ ತೋರಿಸಿದರು. ಎಲ್ಲೋ ಬೆಳೆಯುವ ಗಿಡದ ಕೀಲಿಗೆ ನಮ್ಮ ತಲೆಯೊಳಗೆ ಬೀಗ ಏಕೆ? ದೇಹದ್ದೇ ಕೀಲಿಯೂ ಇರಲೇಬೇಕು!

ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಜಾನ್ ಹ್ಯೂಸ್ ಮತ್ತು ಹಾನ್ಸ್ ಕೊಸ್ಟರ್ಲಿಟ್ಸ್ ಅದನ್ನೇ ಹುಡುಕುತ್ತಿದ್ದರು. ಗಿನಿಯಿಲಿಯ ಕರುಳಿನ ಪುಟ್ಟ ತುಂಡಿಗೆ ತುಸು ವಿದ್ಯುತ್ ಹಾಯಿಸಿದರೆ ಅದು ಮಿಡಿಯುತ್ತದೆ. ಮಾರ್ಫೀನ್ ಬೆರೆಸಿದರೆ ಮಿಡಿತ ತಗ್ಗುತ್ತದೆ. ಹಂದಿಯ ಮೆದುಳಿನಿಂದ ತೆಗೆದ ಸಾರ ಬೆರೆಸಿದಾಗಲೂ ತಗ್ಗಿತು! ಮಾರ್ಫೀನಿಗೆ ಅಡ್ಡಬರುವ ನಲೋಕ್ಸೋನ್ ಹಾಕಿದರೆ ಮಿಡಿತ ಮರಳಿತು. 1975ರಲ್ಲಿ ಅವರು ಆ ಸಾರದ ಗುಟ್ಟು ಬಿಡಿಸಿದರು: ಐದೇ ಐದು ಅಮೈನೋ ಆಮ್ಲಗಳ ಪುಟಾಣಿ ಸರ, ಎನ್ಕೆಫಾಲಿನ್.

ದೇಹದ ಕಿಣ್ವಗಳು ಇದನ್ನು ಬೇಗನೆ ಒಡೆದುಹಾಕುತ್ತವೆ. ನೋವು ಮರಳುವುದೂ ಒಳ್ಳೆಯದೇ. ಇಲ್ಲದಿದ್ದರೆ ಗಾಯ ತೊಳೆಯುವುದನ್ನೇ ಮರೆತುಬಿಡುತ್ತಿದ್ದೆವು.

1978ರ ಒಂದು ಪ್ರಯೋಗವಂತೂ ಬೆರಗು ಹುಟ್ಟಿಸುತ್ತದೆ. ಹಲ್ಲು ಕೀಳಿಸಿಕೊಂಡವರಿಗೆ ಔಷಧಿಯೇ ಇಲ್ಲದ ಮದ್ದು ಕೊಟ್ಟರು. ಕೆಲವರ ನೋವು ಇಳಿಯಿತು. ಆಮೇಲೆ ನಲೋಕ್ಸೋನ್ ಕೊಟ್ಟರೆ, ಅವರ ನೋವು ಮತ್ತೆ ಏರಿತು! ಔಷಧಿ ಸಿಕ್ಕಿತೆಂಬ ಭರವಸೆಯೊಂದರಿಂದಲೇ ಅವರ ಮೆದುಳು ತನ್ನ ಸ್ವಂತ ಮದ್ದನ್ನು ಹೊರಬಿಟ್ಟಿತ್ತು.