ಕುಂಕುಮದ ತಟ್ಟೆ



ಬಾಂದ್ರಾ ಎಂದರೆ ನಮಗೆಲ್ಲ ಮೊದಲು ನೆನಪಾಗುವುದು ಮೌಂಟ್ ಮೇರಿ. ಸೆಪ್ಟೆಂಬರ್ ಜಾತ್ರೆಗೆ ನಮ್ಮ ಊರಿನವರೂ ಮೇಣದ ಬತ್ತಿ ಹಿಡಿದು ಗುಡ್ಡ ಹತ್ತುತ್ತಾರೆ. ಕೋಳಿ ಹೆಂಗಸರು ಬರುತ್ತಾರೆ, ಪಾರ್ಸಿಗಳು ಬರುತ್ತಾರೆ. ಈಗಿರುವ 1904ರ ಕಟ್ಟಡದ ನಕ್ಷೆ ಮಾಡಿದವರೂ ಶಾಪೂರ್ಜಿ ಚಂದಾಭಾಯ್ ಎಂಬ ಪಾರ್ಸಿ. ಅಲ್ಲಿ ಯಾರೂ ಯಾರ ಹಣೆಯನ್ನೂ ನೋಡುವುದಿಲ್ಲ. ಅಷ್ಟು ಜನಸಂದಣಿಯಲ್ಲಿ ನೋಡಲು ಪುರುಸೊತ್ತಾದರೂ ಎಲ್ಲಿ? ಆದರೆ ನಾನು ಇವತ್ತು ಹೇಳಹೊರಟಿರುವುದು ಗುಡ್ಡದ ಮೇಲಿನ ಚರ್ಚಿನ ಮಾತಲ್ಲ. ರೈಲು ಹಳಿಯ ಈಚೆ, ಬಾಂದ್ರಾ ಪೂರ್ವದಲ್ಲಿ, ಭಾನುವಾರದ ಮಟ್ಟಿಗೆ ಬಾಡಿಗೆಗೆ ಹಿಡಿದ ಒಂದು ಸಣ್ಣ ಹಾಲಿನ ಮಾತು. ಅದಕ್ಕೆ ಗೋಪುರವಿಲ್ಲ, ಗಂಟೆಯಿಲ್ಲ, ಮೂರ್ತಿಯಿಲ್ಲ. ಪೆಂಟೆಕೋಸ್ಟಲ್ ಪಂಗಡದವರ ಸಭೆ.

ಕಥೆ ಶುರುವಾಗುವುದು ಮಾತ್ರ ನಮ್ಮ ಮನೆಯಲ್ಲಿ. 2003ರ ಸಂಕ್ರಾಂತಿ. ಮುಂಬಯಿಗೆ ಬಂದ ಮೇಲೆ ನಾವೂ ಮರಾಠಿಗರಂತೆ ಹಳದಿಕುಂಕುಮ ಮಾಡುವುದು ರೂಢಿ. ಕಟ್ಟಡದ ಹೆಂಗಸರನ್ನೆಲ್ಲ ಕರೆದಿದ್ದೆ. ಪಕ್ಕದ ಖೋಲಿಯ ಮಲಯಾಳಿ ನರ್ಸ್ ಕೂಡ ಬಂದಿದ್ದಳು. ಆಸ್ಪತ್ರೆಯಲ್ಲಿ ಕೆಲಸವೆಂದು ಇಡೀ ಕಟ್ಟಡಕ್ಕೆ ಅವಳು 'ಸಿಸ್ಟರ್'. ಹಣೆ ಬೋಳು, ಕೊರಳು ಬೋಳು, ಕೈಯಲ್ಲಿ ಒಂದು ಗಡಿಯಾರ ಬಿಟ್ಟರೆ ಏನೂ ಇಲ್ಲ. ಗಂಡ ಗಲ್ಫಿನಲ್ಲಿದ್ದಾನೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ತಟ್ಟೆ ಹಿಡಿದು ಸಾಲಿನಲ್ಲಿ ಬಂದವಳು ಅವಳ ಎದುರಿಗೆ ಬಂದಾಗ ನನ್ನ ಕೈ ತಾನಾಗಿಯೇ ಆಚೆಗೆ ಸರಿಯಿತು. ಬೋಳು ಹಣೆ ಕಂಡರೆ ಸರಿಯುವಂತೆ ಚಿಕ್ಕಂದಿನಿಂದ ಕಲಿತ ಕೈ ಅದು. ಮರೆಯಲ್ಲಿ ನಮ್ಮ ದೊಡ್ಡಮ್ಮ "ಪಾಪ, ಯಾವಾಗ ಹೋದದ್ದು?" ಎಂದು ಕೇಳಿಯೂ ಕೇಳಿದರು. ಕನ್ನಡ ಬಾರದಿದ್ದರೂ ಸಿಸ್ಟರ್‌ಗೆ ಅರ್ಥವಾಗದೆ ಇರಲಿಲ್ಲ. ಕೊಟ್ಟಿದ್ದರೂ ಅವಳು ಕುಂಕುಮ ಇಟ್ಟುಕೊಳ್ಳುತ್ತಿರಲಿಲ್ಲ, ಅದು ಬೇರೆ. ಬೇಡ ಎನ್ನುವ ಅವಕಾಶವನ್ನೂ ನಾನು ಕೊಡಲಿಲ್ಲ.

ಅವಳು ಸಿಟ್ಟು ಮಾಡಲಿಲ್ಲ. ಕೆಲವು ತಿಂಗಳ ಮೇಲೆ ಅವಳ ಮಗನಿಗೆ ಆಪರೇಷನ್ ಆಯಿತು. ಹುಡುಗ ಚೇತರಿಸಿಕೊಂಡ ಮೇಲೆ ಸಭೆಯಲ್ಲಿ ಕೃತಜ್ಞತೆಯ ಪ್ರಾರ್ಥನೆ ಇಟ್ಟುಕೊಂಡು, "ದೀದಿ, ಆಪ್ ಭೀ ಆನಾ" ಎಂದು ಕರೆದಳು. ಹೋಗದೆ ಇರಲು ನನಗೆ ಮುಖವಿರಲಿಲ್ಲ.

ಮಂಗಲಕಾರ್ಯಕ್ಕೆ ಹೋಗುವ ಹಾಗೆಯೇ ಹೋದೆ. ರೇಷ್ಮೆ ಸೀರೆ, ಕರಿಮಣಿ, ಕೈತುಂಬ ಹಸಿರು ಬಳೆ, ಸ್ಟೇಷನ್ನಿನ ಹೊರಗೆ ಕೊಂಡ ಮೊಗರಾ ಗಜರಾ. ಒಳಗೆ ಕಾಲಿಟ್ಟಾಗ ಎದೆ ಧಸಕ್ಕೆಂದಿತು. ಹೆಂಗಸರೆಲ್ಲ ಬಿಳಿ ಅಥವಾ ತೆಳು ಬಣ್ಣದ ಸೀರೆಯಲ್ಲಿ, ತಲೆಯ ಮೇಲೆ ಸೆರಗು. ಒಂದೇ ಒಂದು ಕಿವಿಯಲ್ಲೂ ಓಲೆಯಿಲ್ಲ. ನಾನು ಕೈ ಎತ್ತಿದರೆ ಸಾಕು, ಬಳೆಯ ಸದ್ದು ಹಾಲಿಡೀ ಕೇಳುತ್ತದೆ. ಆ ದಿನ ಅಲ್ಲಿ ಬೇರೆಯಾಗಿ ಕಂಡವಳು ನಾನು.

ಅವರು ನನ್ನನ್ನು ಹೇಗೆ ನೋಡಿಕೊಂಡರು? ನಿಜ ಹೇಳಬೇಕೆಂದರೆ, ನಾನು ಸಿಸ್ಟರನ್ನು ನೋಡಿಕೊಂಡದ್ದಕ್ಕಿಂತ ಚೆನ್ನಾಗಿ. ಒಬ್ಬ ಮುದುಕಿ ಎದ್ದು ಬಂದು ಕೈಹಿಡಿದು ಫ್ಯಾನಿನ ಕೆಳಗೆ ಕೂರಿಸಿದಳು. ಪಾಸ್ಟರ್ ಹೊಸಬರು ಯಾರು ಎಂದು ಕೇಳಿ, ಎಲ್ಲರೂ ನನ್ನ ಕಡೆ ತಿರುಗಿ ಕೈಜೋಡಿಸಿದರು. ಅಲ್ಲಿ ನಾನೂ 'ಸಿಸ್ಟರ್' ಆಗಿಬಿಟ್ಟೆ! ಎಲ್ಲರೂ ಒಟ್ಟಿಗೆ ಗಟ್ಟಿಯಾಗಿ ಪ್ರಾರ್ಥನೆ ಮಾಡತೊಡಗಿದಾಗ, ಕೆಲವರು ಅನ್ಯಭಾಷೆಯಲ್ಲಿ ಮಾತಾಡತೊಡಗಿದಾಗ ನಾನು ಹೆದರಿದ್ದು ನಿಜ. ಪಕ್ಕದವಳು ಮೆಲ್ಲಗೆ ನನ್ನ ಬೆನ್ನು ಸವರಿದಳು.

ಹಿಂದಿನ ಸಾಲಿನಲ್ಲಿ ಇನ್ನೊಬ್ಬ ಹೊಸಬನಿದ್ದ. ಆಫ್ರಿಕಾದ ಯುವಕ, ಎತ್ತರದ ಆಳು. ಅವನ ಎಡಕ್ಕೊಂದು ಬಲಕ್ಕೊಂದು ಕುರ್ಚಿ ಖಾಲಿ. ಜನ ಬರುತ್ತಿದ್ದರು, ಗೋಡೆಗೊರಗಿ ನಿಲ್ಲುತ್ತಿದ್ದರೇ ಹೊರತು ಆ ಎರಡು ಕುರ್ಚಿಗಳಲ್ಲಿ ಯಾರೂ ಕೂರಲಿಲ್ಲ. ರೇಷ್ಮೆ ಸೀರೆಯ ಅನ್ಯಧರ್ಮದವಳಿಗೆ ಫ್ಯಾನಿನ ಕೆಳಗೆ ಜಾಗ ಸಿಕ್ಕಿತ್ತು. ತಮಾಷೆ ನೋಡಿ, ಹಾಡು ಶುರುವಾದಾಗ ಪುಸ್ತಕ ನೋಡದೆ, ಕಣ್ಣು ಮುಚ್ಚಿ, ಇಂಗ್ಲಿಷಿನಲ್ಲಿ ಅದೇ ರಾಗಕ್ಕೆ ಹಾಡಿದವನು ಅವನೇ. ಅವನು ಹುಟ್ಟಿನಿಂದಲೇ ಪೆಂಟೆಕೋಸ್ಟಲ್ ಅಂತೆ. ಆಫ್ರಿಕಾದಲ್ಲಿ ಇಂದು ಈ ಪಂಗಡದವರು ಕೋಟಿಗಟ್ಟಲೆ ಇದ್ದಾರೆ. ಅವನು ಹೊರಗಿನವನಾದದ್ದು ಚರ್ಮದಿಂದ ಮಾತ್ರ. ಕೊನೆಗೆ ಚಹಾ ಹಂಚುವಾಗ ನನ್ನನ್ನು ಕೂರಿಸಿದ ಅದೇ ಮುದುಕಿ ಹೋಗಿ ಆ ಖಾಲಿ ಕುರ್ಚಿಯಲ್ಲಿ ಕೂತು, ಅವನಿಗೆ ಅರ್ಥವಾಗದ ಮಲಯಾಳದಲ್ಲಿ ಏನೋ ಕೇಳಿ, ತನ್ನ ಬನ್ನನ್ನೂ ಅವನ ತಟ್ಟೆಗೆ ಹಾಕಿದಳು.

ಹೊರಡುವಾಗ ಬಾಗಿಲಲ್ಲಿ ಒಬ್ಬಾಕೆ ನನ್ನ ಬಳೆ ಮುಟ್ಟಿ, ನಗುತ್ತಲೇ, "ನೀವು ಬರುತ್ತಾ ಇರಿ. ಇದೆಲ್ಲ ತಾನಾಗಿ ಬಿಟ್ಟುಹೋಗುತ್ತದೆ" ಎಂದಳು. ಬೈಗುಳವಲ್ಲ. ಆದರೆ ಇಷ್ಟು ಹೊತ್ತು ನನಗೆ ಸಿಕ್ಕ ಆದರ ಈಗಿನ ನನಗೋ, ಮುಂದೆ ಬಳೆಯಿಲ್ಲದೆ ಬರಲಿರುವ ಇನ್ನೊಬ್ಬಳಿಗೋ ಎಂಬ ಅನುಮಾನ ಲೋಕಲಿನಲ್ಲಿ ಕೂತಾಗ ಹುಟ್ಟಿತು.

ಆ ಮೇಲೆ ಓದಿ ತಿಳಿದೆ. ಎಲ್ಲ ಪೆಂಟೆಕೋಸ್ಟಲರೂ ಹೀಗಲ್ಲ. ಗಿಟಾರು, ಡ್ರಮ್ಮು ಇಟ್ಟುಕೊಂಡ ಹೊಸ ಸಭೆಗಳಲ್ಲಿ ಒಡವೆ ಹಾಕಿದವರು ಬೇಕಾದಷ್ಟು ಮಂದಿ. ಒಡವೆ ಬಿಡುವ ಕಟ್ಟುನಿಟ್ಟು ಹೆಚ್ಚಾಗಿ ಕೇರಳದ ಹಳೆಯ ಸಭೆಗಳದ್ದು. ಕಾರಣ ಕೇಳಿದರೆ ಬೈಬಲಿನ ಮಾತು ತೋರಿಸುತ್ತಾರೆ. ಆದರೆ ಅವು ಬೇರು ಬಿಟ್ಟ ತಿರುವಾಂಕೂರನ್ನು ಒಮ್ಮೆ ನೋಡಿ. ಯಾವ ಜಾತಿಯವರು ಏನು ತೊಡಬೇಕು, ಏನು ತೊಡಬಾರದು ಎಂಬ ಕಟ್ಟಳೆಯಿದ್ದ ಸೀಮೆ ಅದು. ಪುಲಯ ಹೆಂಗಸರಿಗೆ ಚಿನ್ನ ನಿಷಿದ್ಧ. ಕೊರಳಿಗೆ ಕಲ್ಲುಮಣಿಯ ಸರವೇ ಗತಿ. 1915ರಲ್ಲಿ ಪೆರಿನಾಡಿನಲ್ಲಿ ಅಯ್ಯನ್‌ಕಾಳಿಯವರ ಮಾತಿಗೆ ಓಗೊಟ್ಟು ಆ ಹೆಂಗಸರು ಸರಗಳನ್ನು ಕಿತ್ತೆಸೆದರು. ಅಂಥ ಕಡೆ ಸಿರಿವಂತ ಸಿರಿಯನ್ ಕ್ರೈಸ್ತ ಹೆಂಗಸು ಮೈಮೇಲಿನ ಚಿನ್ನ ತೆಗೆದಿಟ್ಟು ಬಂದು ಕೂತರೆ, ಪಕ್ಕದಲ್ಲಿ ಕೂತ ಪುಲಯ ಹೆಂಗಸಿಗೆ ಅದು ಸಣ್ಣ ಮಾತಲ್ಲ. ಯಾರೂ ಬೇರೆ ಕಾಣಬಾರದೆಂದೇ ಎಲ್ಲರೂ ಬೋಳಾದರು ಎಂದು ನನಗನಿಸುತ್ತದೆ. ಅಲ್ಲಿಯೂ ಜಾತಿ ಪೂರ್ತಿ ಹೋಗಲಿಲ್ಲ, ದಲಿತ ವಿಶ್ವಾಸಿಗಳು ಬೇರೆ ಸಭೆ ಕಟ್ಟಿಕೊಳ್ಳಬೇಕಾಗಿ ಬಂದದ್ದೂ ಉಂಟು. ಆದರೆ ಎಲ್ಲರೂ ಒಂದೇ ರೀತಿ ಕಂಡ ಮೇಲೆ, ಹೊರಗಿನಿಂದ ಬಳೆ ತೊಟ್ಟು ಬಂದವಳು ಎದ್ದು ಕಾಣುತ್ತಾಳೆ. ಸಮಾನತೆಗಾಗಿ ಹಾಕಿಕೊಂಡ ನಿಯಮವೇ ಹೊಸಬರಿಗೆ ಹೊಸ್ತಿಲಾಗುತ್ತದೆ.

ಈ ಪಂಥದ ಆರಂಭವೂ ಹೊಸ್ತಿಲಿನಲ್ಲೇ ಆದದ್ದು. ಅಮೆರಿಕದ ಹ್ಯೂಸ್ಟನ್ನಿನಲ್ಲಿ ಚಾರ್ಲ್ಸ್ ಪರ್ಹಾಮ್ ಎಂಬ ಬಿಳಿಯ ಬೋಧಕ ಪಾಠ ಹೇಳುತ್ತಿದ್ದಾಗ, ಗುಲಾಮರಾಗಿದ್ದವರ ಮಗನಾದ, ಒಂದು ಕಣ್ಣಿನ ದೃಷ್ಟಿ ಕಳೆದುಕೊಂಡಿದ್ದ ವಿಲಿಯಂ ಸೇಮೂರ್ ಬಾಗಿಲ ಹೊರಗೆ ಕೂತು ಕೇಳಬೇಕಾಯಿತು, ಕರಿಯನೆಂದು. ಅದೇ ಸೇಮೂರ್ 1906ರಲ್ಲಿ ಲಾಸ್ ಏಂಜಲೀಸಿನ ಅಜೂಸಾ ಬೀದಿಯ ಹಳೆಯ ಕಟ್ಟಡವೊಂದರಲ್ಲಿ ಶುರುಮಾಡಿದ ಪ್ರಾರ್ಥನೆಗೆ ಕರಿಯರು, ಬಿಳಿಯರು, ಮೆಕ್ಸಿಕೋದವರು ಒಟ್ಟಿಗೆ ಮೊಣಕಾಲೂರಿದರು. ನೋಡಲು ಬಂದ ಪರ್ಹಾಮ್‌ಗೆ ಆ ಬೆರಕೆಯೇ ಅಸಹ್ಯವಾಯಿತು. ಕೆಲವೇ ವರ್ಷಗಳಲ್ಲಿ ಬಿಳಿಯರ ಸಂಘಗಳು ಬೇರೆ, ಕರಿಯರವು ಬೇರೆ ಆದವು. 1994ರಲ್ಲಿ ಮೆಂಫಿಸ್ ನಗರದಲ್ಲಿ ಒಬ್ಬ ಬಿಳಿಯ ಪಾಸ್ಟರ್ ಕರಿಯ ಬಿಷಪ್ಪರ ಕಾಲು ತೊಳೆದು ಕ್ಷಮೆ ಕೇಳಿದರು. ಅಷ್ಟಾಗಲು ಹೆಚ್ಚುಕಡಿಮೆ ತೊಂಬತ್ತು ವರ್ಷ ಹಿಡಿಯಿತು. ಹಿಂದಿನ ಸಾಲಿನ ಆ ಎರಡು ಖಾಲಿ ಕುರ್ಚಿಗಳು ನೆನಪಾಗುತ್ತವೆ.

ಅಮೆರಿಕದ ತನಕ ಯಾಕೆ? ಅಜೂಸಾಕ್ಕೆ ಒಂದು ವರ್ಷ ಮೊದಲೇ, 1905ರಲ್ಲಿ, ಪುಣೆಯ ಬಳಿಯ ಕೇಡಗಾಂವಿನ ಮುಕ್ತಿ ಸದನದಲ್ಲಿ ಹೆಣ್ಣುಮಕ್ಕಳು ಹೀಗೆಯೇ ಒಟ್ಟಿಗೆ ಗಟ್ಟಿಯಾಗಿ ಅಳುತ್ತಾ ಪ್ರಾರ್ಥಿಸತೊಡಗಿದ್ದರು. ಪೆಂಟೆಕೋಸ್ಟಲ್ ಚರಿತ್ರೆ ಬರೆಯುವವರು ಆ ಘಟನೆಯನ್ನು ಬಿಟ್ಟು ಬರೆಯುವುದಿಲ್ಲ. ಸದನ ಕಟ್ಟಿದ ಪಂಡಿತಾ ರಮಾಬಾಯಿ ಹುಟ್ಟಿದ್ದು 1858ರಲ್ಲಿ, ನಮ್ಮ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ. 1889ರಲ್ಲಿ ಅವರ ಮೊದಲ ಶಾರದಾ ಸದನ ತೆರೆದದ್ದು ಈ ಮುಂಬಯಿಯ ಚೌಪಾಟಿಯಲ್ಲಿ. ತಲೆ ಬೋಳಿಸಿದ ಬಾಲವಿಧವೆಯರು, ಕ್ಷಾಮದಲ್ಲಿ ಎಲುಬು ಎಣಿಸುವಂತಾದ ಹುಡುಗಿಯರು, ಕಣ್ಣು ಕಾಣದವರು, ಹೀಗೆ ಬೇರೆಯವರು ಮುಖ ತಿರುಗಿಸಿದವರನ್ನೇ ರಮಾಬಾಯಿ ಹುಡುಕಿ ತಂದರು. ನನ್ನ ತಟ್ಟೆ ಸರಿದು ಹೋಗುತ್ತಿದ್ದ ಹಣೆಗಳೇ ಅವೆಲ್ಲ. ಅವರು ಕ್ರೈಸ್ತರಾದದ್ದನ್ನು ಒಪ್ಪದವರು ಆಗಲೂ ಇದ್ದರು, ಈಗಲೂ ಇದ್ದಾರೆ. ಸದನಕ್ಕೆ ಬಂದ ಹುಡುಗಿಯರನ್ನು ಮತಕ್ಕೆ ಸೆಳೆಯುತ್ತಾರೆಂದು ಪುಣೆಯಲ್ಲಿ ದೊಡ್ಡ ಗದ್ದಲವೇ ಆಯಿತು. ಬಾಗಿಲಲ್ಲಿ ನನ್ನ ಬಳೆ ಮುಟ್ಟಿದವಳನ್ನು ನೆನೆದರೆ ಆ ಗದ್ದಲ ಬರೀ ಹುರುಳಿಲ್ಲದ್ದು ಎನ್ನಲಾರೆ. ಆದರೆ ಅನ್ನವಿಟ್ಟು, ಅಕ್ಷರ ಕಲಿಸಿ, ಆ ಹುಡುಗಿಯರನ್ನು ಮಗ್ಗುಲಲ್ಲಿ ಕೂರಿಸಿಕೊಂಡವರು ಎಷ್ಟು ಮಂದಿ ಇದ್ದರು?

ಸಿಸ್ಟರ್ ಕಥೆ ಮುಗಿಸುತ್ತೇನೆ. ಮರುವರ್ಷದ ಸಂಕ್ರಾಂತಿಗೆ ಅವಳನ್ನು ಕರೆಯಲೋ ಬೇಡವೋ ಎಂದು ಎರಡು ದಿನ ಯೋಚಿಸಿ, ಕೊನೆಗೆ ಅವಳನ್ನೇ ಕೇಳಿದೆ. "ಬರುತ್ತೇನೆ. ಕುಂಕುಮ ಬೇಡ. ದೇವರ ಮುಂದೆ ಇಟ್ಟದ್ದನ್ನು ತಿನ್ನುವುದಿಲ್ಲ, ಬೇಸರ ಮಾಡಬೇಡಿ" ಎಂದಳು. ಅಡುಗೆಮನೆಯಲ್ಲಿ ಎಳ್ಳುಂಡೆ ಕಟ್ಟುವಾಗಲೇ, ದೇವರಿಗೆ ಇಡುವ ಮೊದಲು, ನಾಲ್ಕನ್ನು ಒಂದು ಡಬ್ಬಿಗೆ ಹಾಕಿ ಬೇರೆ ಇಟ್ಟೆ. ಈ ಸಲ ತಟ್ಟೆ ಹಿಡಿದು ಅವಳ ಎದುರಿಗೂ ನಿಂತೆ. ಅವಳು ಕೈಮುಗಿದು ಬೇಡವೆಂದಳು. ಡಬ್ಬಿ ಕೊಟ್ಟೆ. ದೊಡ್ಡಮ್ಮ ಸುಮ್ಮನಿರಲಿಲ್ಲ. ಆದರೆ ಸಂಜೆ ಅವರಿಗೆ ಬಿ.ಪಿ. ನೋಡಿದವಳು ಸಿಸ್ಟರೇ.