ಇಂಗ್ಲಿಷಿನ ‘ಇಂಗ್’ ರೂಪದ ಪೂರ್ವಚರಿತ್ರೆ



ನಮ್ಮ ಶಾಲೆಗಳಲ್ಲಿ ಇಂಗ್ಲಿಷ್ ಕಲಿಯುವ ಬಾಲಕರು ‘ಐ ಗೋ’ ಎಂಬುದಾದ ಮೇಲೆ ‘ಐ ಆಮ್ ಗೋಯಿಂಗ್’ ಎಂಬುದನ್ನು ಕಲಿಯುತ್ತಾರೆ. ‘ಆಮ್, ಈಸ್, ಆರ್’ಗಳಲ್ಲಿ ಕರ್ತೃವಿಗೆ ಒಪ್ಪುವುದೊಂದನ್ನಿಟ್ಟು ಧಾತುವಿಗೆ ‘ಇಂಗ್’ ಹಚ್ಚಬೇಕು. ‘ವಾಸ್’ ಇಟ್ಟರೆ ಭೂತ, ‘ವಿಲ್ ಬಿ’ ಇಟ್ಟರೆ ಭವಿಷ್ಯ. ಸೂತ್ರ ಇಷ್ಟೇ. ಆದರೆ ಇದು ಯಾವ ವೈಯಾಕರಣನೂ ಕುಳಿತು ವಿಧಿಸಿದುದಲ್ಲ. ಸಾವಿರ ವರ್ಷಗಳಿಗೂ ಮಿಕ್ಕು ಜನರ ನಾಲಗೆಯ ಮೇಲೆ ಸವೆದು, ಬೆರೆತು, ಪಂಡಿತರ ತಿರಸ್ಕಾರವನ್ನೂ ಸಹಿಸಿ ಉಳಿದುಬಂದುದು.

9ನೆಯ ಶತಮಾನದ ಕೊನೆಯಲ್ಲಿ, ಆಲ್ಫ್ರೆಡ್ ದೊರೆಯ ಕಾಲಕ್ಕೆ, ಓರೋಸಿಯಸನ ಲ್ಯಾಟಿನ್ ಚರಿತ್ರೆಯನ್ನು ಇಂಗ್ಲಿಷಿಗೆ ತಂದ ಗ್ರಂಥದಲ್ಲಿ, ‘ಇರು’ ಎಂಬರ್ಥದ ಧಾತುವಿನೊಡನೆ ‘ಎಂಡೆ’ ಎಂದು ಮುಗಿಯುವ ಕೃದಂತವು ಕೂಡಿದ ಪ್ರಯೋಗಗಳು ಹೇರಳವಾಗಿವೆ. ಆದರೆ ಅವುಗಳ ಅರ್ಥ ಎಲ್ಲೆಡೆಯೂ ಇಂದಿನಂತೆ ‘ಮಾಡುತ್ತಿದ್ದನು’ ಎಂಬುದಲ್ಲ. ಇದು ಒಂದು ಮೂಲ. ಇನ್ನೊಂದು ಮೂಲವನ್ನು, ಬಾಲಕರಿಗೆ ಲ್ಯಾಟಿನ್ ಕಲಿಸಲೆಂದು ಎಲ್ಫ್ರಿಕನೆಂಬ ಸನ್ಯಾಸಿಯು ರಚಿಸಿದ ಸಂಭಾಷಣೆಯ ಸಾಲುಗಳ ಮೇಲೆ ಬರೆದ ಇಂಗ್ಲಿಷ್ ಅರ್ಥಗಳಲ್ಲಿ ಕಾಣಬಹುದು: ಅಲ್ಲಿಯ ಬೇಟೆಗಾರನು ತಾನು ‘ಆನ್ ಹುಂಟುಂಗೆ’, ಎಂದರೆ ಬೇಟೆಯಲ್ಲಿ, ಇದ್ದೆನೆನ್ನುತ್ತಾನೆ. ಇಲ್ಲಿರುವುದು ಕೃದಂತವಲ್ಲ, ಕ್ರಿಯೆಯನ್ನು ಹೆಸರಿಸುವ ನಾಮಪದ. ಮುಂದಿನ ಶತಮಾನಗಳಲ್ಲಿ ದಕ್ಷಿಣ ಇಂಗ್ಲೆಂಡಿನ ಜನ ‘ಎಂಡೆ’ಯನ್ನು ‘ಇಂಡೆ’ಯಾಗಿಸಿ, ಅದು ನಾಮಪದದ ‘ಇಂಗ್’ನಲ್ಲಿ ಧ್ವನಿಸಾಮ್ಯದಿಂದ ಲೀನವಾಗಿ, ಇತ್ತ ‘ಆನ್’ ಎಂಬುದು ‘ಅ’ಕಾರವಾಗಿ ಕುಗ್ಗಿ ಕಡೆಗೆ ಅಳಿದುಹೋಗಲು, ಎರಡು ಹೊಳೆಗಳು ಸಂಗಮಿಸಿದಂತೆ ಒಂದೇ ರೂಪ ಉಳಿಯಿತು. ನೆರೆಯ ವೆಲ್ಷ್ ನುಡಿಯಲ್ಲಿಯೂ ಇಂಥದೇ ರಚನೆಯುಂಟಾದುದರಿಂದ ಅದರ ಪ್ರಭಾವವೂ ಇರಬೇಕೆಂದು ಕೆಲವು ವಿದ್ವಾಂಸರು ವಾದಿಸುತ್ತಾರೆ.

ರೂಪ ಹುಟ್ಟಿದೊಡನೆ ನಿಯಮ ಹುಟ್ಟಲಿಲ್ಲ. 1600ರ ಸುಮಾರಿನ ‘ಹ್ಯಾಮ್ಲೆಟ್’ ನಾಟಕದಲ್ಲಿ ಗ್ರಂಥಾವಲೋಕನದಲ್ಲಿ ತೊಡಗಿದ ರಾಜಪುತ್ರನನ್ನು ಪೊಲೋನಿಯಸನು ‘ಏನು ಓದುತ್ತಿರುವಿರಿ’ ಎಂದು ಕೇಳುವಾಗ ಷೇಕ್ಸ್‌ಪಿಯರನು ಬಳಸಿದುದು ಸರಳ ವರ್ತಮಾನವನ್ನೇ. ಇಂದಿನ ಪರೀಕ್ಷಕರು ತಪ್ಪೆಂದು ಗೆರೆ ಎಳೆಯುವ ಪ್ರಯೋಗವು ಅಂದು ಮಹಾಕವಿಗೆ ಸಲ್ಲುತ್ತಿತ್ತು.

ಕರ್ಮಣಿ ಪ್ರಯೋಗದ ಕಥೆಯಂತೂ ಇನ್ನೂ ಸ್ವಾರಸ್ಯವಾದುದು. ಮನೆಯನ್ನು ಕಟ್ಟಲಾಗುತ್ತಿದೆ ಎಂಬುದಕ್ಕೆ 18ನೆಯ ಶತಮಾನದ ಶಿಷ್ಟರು ‘ದಿ ಹೌಸ್ ಈಸ್ ಬಿಲ್ಡಿಂಗ್’ ಎನ್ನುತ್ತಿದ್ದರು. ಡಾಕ್ಟರ್ ಜಾನ್ಸನನು 1755ರ ತನ್ನ ನಿಘಂಟಿಗೆ ಸೇರಿಸಿದ ವ್ಯಾಕರಣದಲ್ಲಿ ಈ ಬಗೆಯ ಮಾತನ್ನು ದುಷ್ಟಪ್ರಯೋಗವೆಂದು ಖಂಡಿಸಿ, ಆ ಹಳೆಯ ‘ಅ’ಕಾರ ಲೋಪವಾದುದರಿಂದಲೇ ಇದು ಕೆಟ್ಟಿರಬೇಕೆಂದು ಊಹಿಸಿದನು, ಊಹೆಯಲ್ಲಿ ಹುರುಳಿತ್ತು. ಅಷ್ಟರಲ್ಲಿ ‘ಈಸ್ ಬೀಯಿಂಗ್ ಬಿಲ್ಟ್’ ಎಂಬ ಹೊಸ ರೂಪ ತಲೆಯೆತ್ತುತ್ತಿತ್ತು. ಕವಿ ಸದಿಯು 1795ರ ಪತ್ರವೊಂದರಲ್ಲಿ ಕ್ಷೌರಿಕನಿಂದ ದವಡೆಹಲ್ಲು ಕೀಳಿಸಿಕೊಳ್ಳುತ್ತಿರುವವನ ಪಾಡನ್ನು ಹೇಳುವಾಗ ಇದನ್ನೇ ಪ್ರಯೋಗಿಸಿದ್ದಾನೆ. 19ನೆಯ ಶತಮಾನದ ಪಂಡಿತರು ಇದನ್ನು ಅಪಶಬ್ದವೆಂದು ಹಳಿದರು. ಅಮೆರಿಕದ ರಿಚರ್ಡ್ ಗ್ರಾಂಟ್ ವೈಟ್ 1870ರ ತನ್ನ ಗ್ರಂಥದಲ್ಲಿ ಇದನ್ನು ಕಟುವಾಗಿ ಖಂಡಿಸಿದನು. ಜನ ಕೇಳಲಿಲ್ಲ. ಪಂಡಿತರು ಸೋತುದು ಭಾಷೆಯ ಭಾಗ್ಯವೆಂದೇ ನನ್ನ ಭಾವನೆ. ಆ ಹಳೆಯ ವಾಕ್ಯದಲ್ಲಿ ಮನೆಯೇ ಏನನ್ನೋ ಕಟ್ಟುತ್ತಿರುವಂತೆ ತೋರುವ ಸಂದಿಗ್ಧ ಹೊಸದರಲ್ಲಿ ಇಲ್ಲ.

ಡೆನ್ಮಾರ್ಕಿನ ಭಾಷಾಶಾಸ್ತ್ರಜ್ಞ ಆಟೋ ಯೆಸ್ಪರ್ಸನ್ನನು ಈ ರೂಪದ ತಿರುಳನ್ನು ಚೆನ್ನಾಗಿ ಬಿಡಿಸಿದನು: ‘ಇಂಗ್’ ಹೇಳುವ ಕ್ರಿಯೆ, ಒಂದು ಕ್ಷಣವನ್ನು ನಡುವಿಟ್ಟು ಅದರ ಹಿಂದುಮುಂದಿನ ಕಾಲವನ್ನು ಚೌಕಟ್ಟಿನಂತೆ ಆವರಿಸಿ ನಿಲ್ಲುತ್ತದೆ. ಆದುದರಿಂದಲೇ ಮೊದಲು ನಡು ಕೊನೆಗಳಿಲ್ಲದ ಅರಿವು, ನಂಬಿಕೆ, ಒಡೆತನಗಳಂಥ ಸ್ಥಿತಿಗಳಿಗೆ ಅದು ಸಾಮಾನ್ಯವಾಗಿ ಹೊಂದದು. ನಮ್ಮ ವಿದ್ಯಾರ್ಥಿಗಳು ‘ಐ ಆಮ್ ನೋಯಿಂಗ್’ ಎಂದಾಗ ಗದರಿಸುವ ಉಪಾಧ್ಯಾಯರು ಕನ್ನಡವನ್ನೇ ಸಾಕ್ಷಿಗೆ ಕರೆಯಬಹುದು. ‘ಓದುತ್ತ ಇದ್ದೇನೆ’ ಎಂಬುದು ಕೂಡಿ ‘ಓದುತ್ತಿದ್ದೇನೆ’ ಆಗುವಲ್ಲಿ ಇಂಗ್ಲಿಷಿನಂತೆಯೇ ಕೃದಂತವೂ ‘ಇರು’ ಧಾತುವೂ ಇವೆ. ಆದರೆ ಅದೇ ಕನ್ನಡಿಗನು ‘ಬಲ್ಲೆನು’ ಎನ್ನುತ್ತಾನಲ್ಲದೆ ‘ಬಲ್ಲುತ್ತಿದ್ದೇನೆ’ ಎಂದು ಎಂದಿಗೂ ಹೇಳನು.