ಐಸಿಯು ದಿನಗಳ ನೋಟ್‌ಬುಕ್



ವೆಂಟಿಲೇಟರ್ ಮೇಲಿದ್ದು ಬದುಕಿ ಬಂದ ಅನೇಕರಿಗೆ ಆ ದಿನಗಳ ನೆನಪಿರುವುದಿಲ್ಲ. ಇದ್ದರೂ ನರ್ಸ್ ಕೊಲ್ಲಲು ಬಂದಳೆಂಬಂಥ ಭ್ರಮೆಗಳು. ಅದು ಹುಚ್ಚಲ್ಲ. ಡೆನ್ಮಾರ್ಕ್, ಸ್ವೀಡನ್, ನಾರ್ವೆಗಳಲ್ಲಿ ದಾದಿಯರೂ ಬಂಧುಗಳೂ ರೋಗಿಗಾಗಿ ದಿನಚರಿ ಬರೆದಿಡುವ ರೂಢಿ ಬೆಳೆಯಿತು. 2010ರ ಯುರೋಪಿನ ಅಧ್ಯಯನದಲ್ಲಿ ಆಘಾತೋತ್ತರ ಮನೋರೋಗ ಹೊಸದಾಗಿ ಕಂಡದ್ದು ದಿನಚರಿ ಪಡೆದವರಲ್ಲಿ 100ಕ್ಕೆ 5, ಇನ್ನೂ ಪಡೆಯದವರಲ್ಲಿ 13. ಫ್ರಾನ್ಸಿನ 2019ರ ಅಧ್ಯಯನದಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಇದನ್ನು ಮದ್ದೆನ್ನಲಾರೆ.

ಆದರೂ ಐಸಿಯು ಹೊರಗೆ ಕಾಯುವಾಗ ನೀವು ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ತಾರೀಖು ಹಾಕಿ, "ಅಬ್ಬಾ, ಇಂದು ಜ್ವರ ಇಳಿಯಿತು. ನೀವು ಗಂಟಲಿನ ನಳಿಕೆ ಎಳೆಯದಿರಲೆಂದು ಕೈ ಕಟ್ಟಿದ್ದರು" ಎಂದು ನೇರವಾಗಿ ಬರೆಯಿರಿ. ಅವರು ಓದುವುದು ಉರ್ದುವಾದರೆ ಉರ್ದುವಿನಲ್ಲೇ ಬರೆಯಿರಿ. ಓದು ಬಾರದ ಅಮ್ಮಿಗೆ ನೀವೇ ಓದಿ ಹೇಳಿ. ಕೊಡುವ ಆತುರ ಬೇಡ. ಅವರಾಗಿ ಕೇಳಿದ ದಿನ ಪಕ್ಕದಲ್ಲಿ ಕುಳಿತು ಕೊಡಿ.